ನಮ್ಮ ನೆರೆಯ ಟಿಬೆಟನ್ನರ ಶಿಷ್ಟಾಚಾರ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಪರದೇಶದವರ ನಡೆನುಡಿಗಳನ್ನು ಕಾಣಬೇಕಾದರೆ ವಿಮಾನವನ್ನೇ ಏರಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹುಣಸೂರಿನ ವಿದ್ಯಾರ್ಥಿಗಳಾದ ನಮಗೆ ಅಷ್ಟು ದೂರದ ಪ್ರಯಾಣ ಬೇಕಾಗಿಲ್ಲ. ಮಡಿಕೇರಿಯ ಬಸ್ಸನ್ನೇರಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇಳಿದರೆ ಸಾಕು. ಬೇರೊಂದು ನಾಡಿನ ಜನ, ಭಾಷೆ, ಆಚಾರಗಳು ನಮ್ಮ ಕಣ್ಣೆದುರಿಗೇ ಇವೆ. ನಮ್ಮ ತಾಲ್ಲೂಕಿನ ಗುರುಪುರದಲ್ಲಿಯೂ ಅವರ ಮತ್ತೊಂದು ನೆಲೆಯಿದೆ.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಮಾಲಯವನ್ನು ದಾಟಿ ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. 1960-61ರಲ್ಲಿ ಮೊದಲ ತಂಡಗಳು ಬಂದಾಗ ಅಲ್ಲಿ ಇದ್ದದ್ದು ಕಾಡು. ಚಳಿಯ ನಾಡಿನ ಜನ ನಮ್ಮ ಬಿಸಿಲಿನಲ್ಲಿ ಮರ ಕಡಿದು, ಆನೆಗಳ ಕಾಟವನ್ನು ಸಹಿಸಿ, ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಮನೆಮಠಗಳನ್ನು ಬಿಟ್ಟು ಬಂದವರು ಒಂದನ್ನು ಮಾತ್ರ ಬಿಡದೆ ತಂದರು. ಅದೇ ಅವರ ಶಿಷ್ಟಾಚಾರ.

ನನ್ನ ಸಹಪಾಠಿಯೊಬ್ಬನು ಅಲ್ಲಿಯವನು. ಕಳೆದ ವರ್ಷ ಅವರ ಹೊಸ ವರ್ಷವಾದ ಲೋಸಾರ್ ಹಬ್ಬಕ್ಕೆ ಅವನು ನನ್ನನ್ನು ಮನೆಗೆ ಕರೆದನು. ಈ ಹಬ್ಬವು ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚಿಯಲ್ಲಿ ಬರುತ್ತದೆ. ಬಾಗಿಲಲ್ಲಿಯೇ ‘ತಾಶಿ ದೆಲೆಕ್’ ಎಂಬ ಸ್ವಾಗತ. ಮಂಗಳವಾಗಲಿ ಎಂದು ಅದರ ಭಾವ. ಬಳಿಕ ಹುರಿದ ಹಿಟ್ಟಿಗೆ ಬೆಣ್ಣೆ ಕಲಸಿ ತುಂಬಿಟ್ಟ ಮರದ ಪೆಟ್ಟಿಗೆಯನ್ನು ಮುಂದಿಟ್ಟರು. ಅದರಿಂದ ಒಂದು ಚಿಟಿಕೆ ತೆಗೆದು ಮೂರು ಸಲ ಗಾಳಿಗೆ ತೂರಿ, ಆಮೇಲೆ ತಾನೂ ಸ್ವಲ್ಪ ಬಾಯಿಗೆ ಹಾಕಿಕೊಳ್ಳಬೇಕು. ಮೊದಲು ದೇವರಿಗೆ, ಆಮೇಲೆ ನಮಗೆ ಎಂಬ ಈ ಕ್ರಮ ನಮ್ಮ ನೈವೇದ್ಯಕ್ಕೆ ಎಷ್ಟು ಸಮೀಪವಾಗಿದೆ!

ಹಿರಿಯರನ್ನು ಕಾಣುವಾಗ ಅವರು ‘ಖತಾ’ ಎಂಬ ಬಿಳಿಯ ವಸ್ತ್ರವನ್ನು ಅರ್ಪಿಸುವರು. ನಾವು ಹಾರ ಹಾಕುವಂತೆ ಅದನ್ನು ಹಿರಿಯರ ಕೊರಳಿಗೆ ತೊಡಿಸಬಾರದು. ಎರಡು ಕೈಗಳಲ್ಲಿ ಹಿಡಿದು ತಲೆಬಾಗಿ ಒಪ್ಪಿಸಬೇಕು. ಅನೇಕ ವೇಳೆ ಅವರೇ ಅದನ್ನು ಹಿಂದಿರುಗಿಸಿ ನಮ್ಮ ಕೊರಳಿಗೆ ಹಾಕಿ ಹರಸುವರು. ಯಾವುದನ್ನೇ ಆಗಲಿ ಎರಡು ಕೈಗಳಿಂದ ಕೊಡುವುದು ಅವರ ಮರ್ಯಾದೆ. ಬಲಗೈಯಿಂದ ಕೊಡುವುದು ನಮ್ಮದು. ದೇವರನ್ನಾಗಲಿ ಹಿರಿಯರನ್ನಾಗಲಿ ತೋರಿಸುವಾಗ ಅವರು ಬೆರಳು ಚಾಚುವುದಿಲ್ಲ. ಅಂಗೈಯನ್ನು ಮೇಲ್ಮುಖವಾಗಿ ನೀಡುವರು. ದೇವಾಲಯವನ್ನು ಬಲಗಡೆ ಇಟ್ಟುಕೊಂಡು ಸುತ್ತುವುದು, ಪುಸ್ತಕವನ್ನು ದಾಟದಿರುವುದು ಇವು ನಮಗೂ ಅವರಿಗೂ ಸಮಾನವಾದವು.

ಅವರ ಮಾತಿನಲ್ಲಿಯೂ ಗೌರವಕ್ಕೆ ವಿಶೇಷ ಸ್ಥಾನವಿದೆ. ಹೆಸರಿನ ಅಥವಾ ಸಂಬಂಧದ ಪದದ ಕೊನೆಗೆ ‘ಲಾ’ ಎಂದು ಸೇರಿಸುವರು. ತಂದೆ ‘ಪಾಲಾ’, ತಾಯಿ ‘ಆಮಾಲಾ’, ಗುರು ‘ಗೆನ್‌ಲಾ’. ಇದಲ್ಲದೆ ಅನೇಕ ವಸ್ತುಗಳಿಗೂ ಕ್ರಿಯೆಗಳಿಗೂ ಎರಡೆರಡು ಪದಗಳಿವೆ. ತನ್ನ ತಲೆ ‘ಗೋ’, ಹಿರಿಯರ ತಲೆ ‘ಊ’. ಗೌರವದ ಪದವನ್ನು ಯಾರೂ ತಮಗೆ ತಾವೇ ಬಳಸಿಕೊಳ್ಳುವಂತಿಲ್ಲ. ನಾವು ದೊಡ್ಡವರಿಗೆ ‘ದಯಮಾಡಿಸಿ’ ಎನ್ನುತ್ತೇವೆಯೇ ಹೊರತು ‘ನಾನು ದಯಮಾಡಿಸಿದೆ’ ಎನ್ನುವುದಿಲ್ಲವಷ್ಟೆ.

ಅತಿಥಿಸತ್ಕಾರದಲ್ಲಿ ನಾನು ಪಟ್ಟ ಪಾಡನ್ನು ಇಲ್ಲಿ ಹೇಳಲೇಬೇಕು. ಗೆಳೆಯನ ಅಜ್ಜಿ ನನಗೆ ಬೆಣ್ಣೆಯ ಚಹಾ ಕೊಟ್ಟರು. ಚಹಾಕ್ಕೆ ಬೆಣ್ಣೆ, ಉಪ್ಪು ಹಾಕಿ ಕಡೆದು ಮಾಡುವ ಪಾನೀಯವದು. ಸಕ್ಕರೆಯ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ಸಾರಿನಂತೆ ತೋರಿತು. ಕೊಟ್ಟದ್ದನ್ನು ಚೆಲ್ಲಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ಆದುದರಿಂದ ಕಣ್ಣು ಮುಚ್ಚಿ ಕುಡಿದು ಮುಗಿಸಿದೆ. ಅಜ್ಜಿ ಸಂತೋಷದಿಂದ ಮತ್ತೆ ತುಂಬಿದರು. ಅದನ್ನೂ ಮುಗಿಸಿದೆ, ಮತ್ತೆ ತುಂಬಿದರು. ಮೂರನೆಯ ಬಟ್ಟಲಿಗೆ ಗೆಳೆಯ ನಕ್ಕು, “ಬಟ್ಟಲು ಬರಿದಾದರೆ ಇನ್ನೂ ಬೇಕೆಂದು ಅರ್ಥ ಕಣೋ. ಸಾಕಾಗಿದ್ದರೆ ತುಂಬಿದ ಬಟ್ಟಲನ್ನು ಹಾಗೆಯೇ ಬಿಡು, ಹೊರಡುವಾಗ ಕುಡಿ” ಎಂದನು. ನನ್ನ ಸೌಜನ್ಯವೇ ನನಗೆ ಶಿಕ್ಷೆಯಾಗಿತ್ತು.

ಇಂಥ ತಪ್ಪು ಅವನಿಂದಲೂ ಆಗಿತ್ತು. ಒಮ್ಮೆ ನಮ್ಮ ಹಳ್ಳಿಯ ಮನೆಗೆ ಬಂದವನು ಹೊರಡುವಾಗ, “ಅಜ್ಜಿ, ನಾನು ಹೋಗ್ತೀನಿ” ಎಂದುಬಿಟ್ಟನು. ನನ್ನ ಅಜ್ಜಿ ಬೆಚ್ಚಿ, “ಬಿಡ್ತು ಅನ್ನು ಮಗ! ಹಂಗನ್ನಬಾರದು, ಹೋಗಿ ಬತ್ತೀನಿ ಅನ್ನಬೇಕು” ಎಂದು ತಿದ್ದಿದರು.

ಲೋಸಾರಿನ ದಿನ ನಾನು ಹೊರಟಾಗ ಈ ಮಾತು ಮತ್ತೆ ಬಂದಿತು. ಟಿಬೆಟನ್ನರಲ್ಲಿ ಉಳಿಯುವವರು ಹೊರಡುವವರಿಗೆ ‘ಕಲೆ ಫೇ’ ಎನ್ನುವರು. ನಿಧಾನವಾಗಿ ಹೋಗಿ ಎಂದು ಅರ್ಥ. ಹೊರಡುವವರು ಉಳಿಯುವವರಿಗೆ ‘ಕಲೆ ಶೂ’, ನಿಧಾನವಾಗಿ ಇರಿ, ಎನ್ನುವರು. ನಾನು ಅಭ್ಯಾಸಬಲದಿಂದ ಕನ್ನಡದಲ್ಲಿಯೇ “ಹೋಗಿ ಬರ್ತೀನಿ ಅಜ್ಜಿ” ಎಂದೆ. ಅವರು ಮೊಮ್ಮಗನಿಂದ ಅದರ ಅರ್ಥವನ್ನು ಕೇಳಿ ತಿಳಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಏನನ್ನೋ ಹೇಳಿದರು. ದಾರಿಯಲ್ಲಿ ಗೆಳೆಯ ಅದನ್ನು ವಿವರಿಸಿದನು: “ಒಳ್ಳೆಯ ಮಾತು. ಊರು ಬಿಟ್ಟ ರಾತ್ರಿ ನಾವು ಯಾರಿಗೂ ಏನೂ ಹೇಳದೆ ಬಂದೆವು.” ಆಗ ಅವರಿನ್ನೂ ಸಣ್ಣ ಹುಡುಗಿಯಂತೆ.

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ನನ್ನ ಗೆಳೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಹುಟ್ಟಿದವನು. ನನ್ನಂತೆಯೇ ಕನ್ನಡ ಮಾತನಾಡುವವನು. ಆದರೂ ಕಾಗದಪತ್ರಗಳಲ್ಲಿ ಅವನು ವಿದೇಶೀಯ. ತನ್ನ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಅವನ ಓರಗೆಯ ಅನೇಕರು ಉದ್ಯೋಗವನ್ನರಸಿ ದೂರದೇಶಗಳಿಗೆ ಹೋಗುತ್ತಿದ್ದಾರೆ. ಅರವತ್ತು ವರ್ಷಕ್ಕೂ ಮೀರಿ ನೆರೆಯಲ್ಲಿದ್ದವರನ್ನು ನಾವು ಅರಿತುಕೊಳ್ಳುವ ಮೊದಲೇ ಅವರು ಹೊರಟುಬಿಡಬಹುದಲ್ಲವೆ?

ನಮ್ಮಲ್ಲಿ ಹಲವರಿಗೆ ಬೈಲಕುಪ್ಪೆಯೆಂದರೆ 1999ರಲ್ಲಿ ಪ್ರಾರಂಭವಾದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣದೇವಾಲಯ ಮಾತ್ರ. ಅಲ್ಲಿ ಗದ್ದಲ ಮಾಡುತ್ತ, ಪ್ರಾರ್ಥನೆಯಲ್ಲಿರುವ ಭಿಕ್ಷುಗಳ ಮುಖಕ್ಕೇ ಮೊಬೈಲು ಹಿಡಿದು ಚಿತ್ರ ತೆಗೆಯುವವರಲ್ಲಿ ನಮ್ಮಂಥ ವಿದ್ಯಾರ್ಥಿಗಳೂ ಇರುತ್ತಾರೆ ಎಂಬುದು ನಾಚಿಕೆಯ ಸಂಗತಿ. ಅನ್ಯರ ಮನೆಯ ಮರ್ಯಾದೆಯನ್ನು ಅರಿತು ನಡೆಯುವುದೂ ವಿದ್ಯೆಯ ಒಂದು ಭಾಗ. ಅದನ್ನು ಕಲಿಯಲು ಗ್ರಂಥಗಳಿಗಿಂತ ಮೊದಲು ಪಕ್ಕದಲ್ಲಿ ಕುಳಿತ ಸಹಪಾಠಿಯನ್ನು ಕೇಳೋಣ. ಅವನ ಮನೆಗೆ ಹೋದಾಗ ‘ಕಲೆ ಶೂ’ ಎಂದು ಹೇಳಿ ಹೊರಡೋಣ. ನಮ್ಮ ಮನೆಗೆ ಬಂದಾಗ ‘ಹೋಗಿ ಬಾ’ ಎಂದು ಕಳುಹಿಸೋಣ.