ಕೈತೋಟದ ಪಾಠ: ಹದ ನೋಡಿ ಉಳುಮೆ

ಶಾಲಾ ಕೈತೋಟಕ್ಕೆ ಪವರ್ ಟಿಲ್ಲರ್ ಬರುವ ಮೊದಲೇ ಈ ಪಾಠವನ್ನು ಆರಂಭಿಸುವುದು ಒಳಿತು. ಮಕ್ಕಳು ಒಂದು ಹಿಡಿ ಮಣ್ಣನ್ನು ಅದುಮಿ ಉಂಡೆ ಕಟ್ಟಲಿ. ಬೆರಳಿನಿಂದ ಒತ್ತಿದಾಗ ಅದು ಉದುರಿದರೆ ಹದ ಬಂದಿದೆ. ಅಂಟಿಕೊಂಡೇ ಉಳಿದರೆ ಕಾಯಬೇಕು. ಸೋಲಾಪುರ, ಅಕ್ಕಲಕೋಟೆಗಳ ಎರೆಮಣ್ಣನ್ನು ಹಸಿಯಾಗಿರುವಾಗಲೇ ಉತ್ತರೆ ಹೆಂಟೆಗಳು ಒಣಗಿ ಕಲ್ಲಾಗುತ್ತವೆ, ಬೀಜಕ್ಕೆ ನೆಲೆ ಸಿಗದು. ಕೆಮ್ಮಣ್ಣನ್ನು ಹಿಟ್ಟಿನಂತೆ ಪುಡಿಮಾಡಿದರೂ ಕೇಡೇ: ಮಳೆ ಬಿದ್ದು ಒಣಗಿದೊಡನೆ ಮೇಲ್ಪದರ ಗಟ್ಟಿಯಾಗಿ ಮೊಳಕೆ ಮೇಲೇಳದು. ಎರಡು ಸಲ ಹೊಡೆದರೆ ಸಾಕು; ಮೊದಲು ತೆಳುವಾಗಿ, ಬಳಿಕ ಅಡ್ಡಲಾಗಿ ಸುಮಾರು 10–15 ಸೆಂ.ಮೀ. ಆಳಕ್ಕೆ. ಯಂತ್ರವು ಹಿಂದಕ್ಕೆ ಸರಿಯುವಾಗ ಅಲಗುಗಳು ತಿರುಗುತ್ತಿರಬಾರದು. ಮಕ್ಕಳು ಬೇಲಿಯಾಚೆಯೇ ನಿಲ್ಲಬೇಕು. ಇದರಲ್ಲಿ ರಿಯಾಯಿತಿ ಸಲ್ಲದು. ಹದ, ಹೆಂಟೆ, ಹರಗುವುದು ಎಂಬಿವಕ್ಕೆ ಮನೆಯ ಹಿರಿಯರು ಬಳಸುವ ಮಾತುಗಳನ್ನು ಮರುದಿನ ಬರೆದು ತರಿಸಿರಿ.