ಘಟ್ಟ ಹತ್ತುವ ಗಾಡಿಗೊಂದು ಡಿಜಿಟಲ್ ಗೇಜು

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಕರಾವಳಿಗೆ ಹೋಗಬೇಕೆಂದರೆ ಘಟ್ಟ ಇಳಿಯಲೇಬೇಕು, ಮನೆಗೆ ಬರಬೇಕೆಂದರೆ ಅದನ್ನೇ ಹತ್ತಬೇಕು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಸಿದ್ದಾಪುರಕ್ಕೆ ದೊಡ್ಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ. ಈ ದಾರಿಗಳಲ್ಲಿ ಇಂಜಿನ್ ಕಾದು ಗಾಡಿ ನಿಂತರೆ ಹತ್ತಿರದಲ್ಲಿ ಗ್ಯಾರೇಜು ಇರುವುದಿಲ್ಲ, ಎಷ್ಟೋ ತಿರುವುಗಳಲ್ಲಿ ಫೋನಿಗೆ ನೆಟ್‌ವರ್ಕೂ ಸಿಗುವುದಿಲ್ಲ. ಹಾಗಾಗಿ ಗಾಡಿಯ ಒಳಗೆ ಏನು ನಡೆಯುತ್ತಿದೆ ಎಂದು ಮೊದಲೇ ತಿಳಿಯುವುದು ನಮ್ಮ ಕಡೆಯವರಿಗೆ ಹೆಚ್ಚು ಅಗತ್ಯ.

ಈಚಿನ ಅನೇಕ ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಇಂಜಿನ್ ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿ ಕಾದರೆ ಕೆಂಪು ದೀಪ, ಅಷ್ಟೇ. ಮುಳ್ಳಿರುವ ಎಷ್ಟೋ ಗಾಡಿಗಳಲ್ಲೂ ಶಾಖ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ನಡುವೆಯೇ ನಿಂತಿರುವ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಇಂಜಿನ್ನಿನ ಕಂಪ್ಯೂಟರಿಗೆ ಮಾತ್ರ ಒಂದೊಂದು ಡಿಗ್ರಿಯ ಲೆಕ್ಕವೂ ಗೊತ್ತಿರುತ್ತದೆ. ಆ ಲೆಕ್ಕವನ್ನು ನಮ್ಮ ಕಣ್ಣಿಗೆ ಕಾಣಿಸುವ ಸಾಧನವೇ ಈ ಚುಚ್ಚುವ ಗೇಜು. ವೈರು ಕತ್ತರಿಸಬೇಕಿಲ್ಲ, ಮೆಕ್ಯಾನಿಕ್ ಬೇಕಿಲ್ಲ, ಬಿಡುವಾಗಿ ಕೂತರೆ ಅರ್ಧ ಗಂಟೆಯ ಕೆಲಸ.

ಹಂತ 1: ನಿಮ್ಮ ಗಾಡಿಗೆ ಆಗುತ್ತದೆಯೇ ನೋಡಿ

ಗೇಜು ಚುಚ್ಚುವ ಜಾಗಕ್ಕೆ ಒಬಿಡಿ ಪೋರ್ಟ್ ಎನ್ನುತ್ತಾರೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಇದರ ಎರಡನೇ ಆವೃತ್ತಿ ಕಡ್ಡಾಯ. ನಮ್ಮ ದೇಶದಲ್ಲಿ ಬಿಎಸ್-4 ವಾಹನಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. ಆದರೆ 2010ರಲ್ಲಿ ಬಿಎಸ್-4 ಜಾರಿಯಾದದ್ದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಮಾತ್ರ. ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಆದ್ದರಿಂದ ಕೆಎ-31 ನಂಬರಿನ ಗಾಡಿ 2014ರದ್ದು ಎಂದ ಮಾತ್ರಕ್ಕೆ ಗೇಜು ಕೆಲಸ ಮಾಡೇ ಮಾಡುತ್ತದೆ ಎಂದುಕೊಳ್ಳಬೇಡಿ. ಬಿಎಸ್-3 ಗಾಡಿಗಳಲ್ಲಿ ಕೆಲವಕ್ಕೆ ಪೋರ್ಟ್ ಇದ್ದರೂ ಅದು ಕಂಪನಿಯ ಸ್ಕ್ಯಾನರಿನ ಜೊತೆ ಮಾತ್ರ ಮಾತಾಡುತ್ತದೆ. ದುಡ್ಡು ಕೊಡುವ ಮೊದಲು ಗುರುತಿನ ಗ್ಯಾರೇಜಿನಲ್ಲಿ ಸಾಮಾನ್ಯ ಒಬಿಡಿ ಸ್ಕ್ಯಾನರ್ ಚುಚ್ಚಿಸಿ ನೋಡಿ. ಬಿಎಸ್-6 ಗಾಡಿಯಾದರೆ ಈ ತಲೆನೋವು ಬಹುತೇಕ ಇಲ್ಲ.

ಲಾರಿ, ಬಸ್ಸಿನದು 24 ವೋಲ್ಟಿನ ವ್ಯವಸ್ಥೆ. ಕಾರಿಗೆಂದು ಮಾಡಿದ 12 ವೋಲ್ಟಿನ ಗೇಜನ್ನು ಅದಕ್ಕೆ ಚುಚ್ಚಲೇಬೇಡಿ, ಸುಟ್ಟೀತು.

ಹಂತ 2: ಯಾವುದನ್ನು ಕೊಳ್ಳುವುದು

ಎರಡು ಬಗೆ ಇವೆ. ಒಂದು, ಪೋರ್ಟಿನಿಂದ ವೈರು ಬಂದು ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಪರದೆ ಕೂರುವಂಥದ್ದು. ಇನ್ನೊಂದು, ಬ್ಲೂಟೂತ್ ಡಬ್ಬಿ. ಅದರ ಅಂಕಿಗಳನ್ನು ಫೋನಿನ ಆ್ಯಪ್‌ನಲ್ಲಿ ನೋಡಬೇಕು. ಬ್ಲೂಟೂತಿಗೆ ನೆಟ್‌ವರ್ಕ್ ಬೇಡ, ಘಟ್ಟದಲ್ಲೂ ನಡೆಯುತ್ತದೆ. ಆದರೆ ನಡುದಾರಿಯಲ್ಲಿ ಫೋನ್ ಬಂದರೆ ಅಂಕಿಗಳು ಮಾಯ. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದು ವೈರಿನ ಗೇಜನ್ನೇ. ಕೊಳ್ಳುವಾಗ ಮೂರು ಅಂಶ ಖಚಿತ ಮಾಡಿಕೊಳ್ಳಿ: ಕೂಲಂಟ್ ಶಾಖವನ್ನು ಅಂಕಿಯಲ್ಲೇ ತೋರಿಸಬೇಕು, ಬ್ಯಾಟರಿ ವೋಲ್ಟೇಜ್ ತೋರಿಸಬೇಕು, ನಾವು ಹೇಳಿದ ಶಾಖಕ್ಕೆ ಬೀಪ್ ಹೊಡೆಯಬೇಕು. ಜಿಪಿಎಸ್ ಮಾತ್ರ ಇರುವ ಪರದೆಗಳೂ ನೋಡಲು ಹೀಗೇ ಇರುತ್ತವೆ. ಅವು ವೇಗ ಬಿಟ್ಟರೆ ಇಂಜಿನ್ನಿನ ಸುದ್ದಿ ಏನನ್ನೂ ಹೇಳಲಾರವು.

ಇದೇ ಪೋರ್ಟಿಗೆ ಚುಚ್ಚಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಮಾರುವ ಪುಟ್ಟ ಡಬ್ಬಿಗಳೂ ಇವೆ. ಒಳಗೆ ದೀಪ ಮಿನುಗಿಸುವ ಸರ್ಕ್ಯೂಟ್ ಬಿಟ್ಟರೆ ಬೇರೆ ಇರುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಕೂಲಂಟ್ ತಂದು ಹಾಕಿಸಿ.

ಹಂತ 3: ಪೋರ್ಟ್ ಹುಡುಕಿ, ಚುಚ್ಚಿ

ಇಂಜಿನ್ ಆಫ್ ಮಾಡಿ, ಕೀ ತೆಗೆಯಿರಿ. ಚಾಲಕನ ಬಾಗಿಲು ತೆರೆದು ನೆಲಕ್ಕೆ ಬಗ್ಗಿ, ಸ್ಟೀರಿಂಗಿನ ಕೆಳಗೆ ಟಾರ್ಚ್ ಬಿಡಿ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾದ, 16 ತೂತಿನ ಸಾಕೆಟ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಅದು ಫ್ಯೂಸ್ ಬಾಕ್ಸಿನ ಮುಚ್ಚಳದ ಹಿಂದೆ ಇರುತ್ತದೆ. ಪ್ಲಗ್ಗಿನ ಅಗಲದ ಬದಿಯನ್ನು ಸಾಕೆಟ್ಟಿನ ಅಗಲದ ಬದಿಗೆ ಹೊಂದಿಸಿ ನೇರಕ್ಕೆ ಒತ್ತಿ. ಓರೆಯಾಗಿ ತುರುಕಿದರೆ ಪಿನ್ ಬಾಗುತ್ತದೆ. ಇದರ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ. ಈ ಸಂಗತಿ ನೆನಪಿರಲಿ, ಮಳೆಗಾಲದಲ್ಲಿ ಬೇಕಾಗುತ್ತದೆ.

ವೈರನ್ನು ಪೆಡಲುಗಳ ಹತ್ತಿರ ನೇತಾಡಲು ಬಿಡಬೇಡಿ. ಬ್ರೇಕಿನ ಅಡಿಗೆ ಸಿಕ್ಕಿಕೊಂಡರೆ ಘಟ್ಟದಲ್ಲಿ ಪ್ರಾಣಕ್ಕೇ ಸಂಚಕಾರ. ಡ್ಯಾಶ್‌ಬೋರ್ಡಿನ ಅಂಚಿನಲ್ಲಿ, ಬಾಗಿಲಿನ ರಬ್ಬರಿನ ಒಳಗೆ ಅದನ್ನು ಮೇಲಕ್ಕೆ ಒಯ್ದು, ಉಳಿದದ್ದನ್ನು ಸುತ್ತಿ ಕಟ್ಟಿ. ಪರದೆಯನ್ನು ರಸ್ತೆ ಮರೆಯಾಗದಂತೆ ಸ್ಟೀರಿಂಗಿನ ಬಲಬದಿಯ ಮೂಲೆಗೆ ಅಂಟಿಸಿ. ಏರ್‌ಬ್ಯಾಗ್ ಎಂದು ಬರೆದಿರುವ ಜಾಗದ ಮೇಲೆ, ಅದರ ಎದುರಿನಲ್ಲಿ ಬೇಡ. ಅಂಟಿಸುವ ಮೊದಲು ಧೂಳು ಒರೆಸಿ ಒಣಗಲು ಬಿಡಿ. ನಮ್ಮ ತೇವದ ಹವೆಗೆ ಅರ್ಧಂಬರ್ಧ ಅಂಟಿದ್ದು ಮೊದಲ ಹೊಂಡಕ್ಕೇ ಕಿತ್ತು ಬರುತ್ತದೆ.

ಹಂತ 4: ಕೀ ಆನ್, ಸೆಟ್ಟಿಂಗ್

ಕೀ ಆನ್ ಮಾಡಿ, ಇಂಜಿನ್ ಇನ್ನೂ ಬೇಡ. ಪರದೆ ಬೆಳಗಿ ಗಾಡಿಯ ಕಂಪ್ಯೂಟರನ್ನು ಹುಡುಕುತ್ತದೆ. ಆಮೇಲೆ ಇಂಜಿನ್ ಚಾಲೂ ಮಾಡಿ. ಆರ್‌ಪಿಎಂ ಅಂಕಿ ಬಂದರೆ ಸಂಪರ್ಕ ಆಯಿತು ಎಂದರ್ಥ. ಪರದೆಗೆ ಜೀವವೇ ಬರದಿದ್ದರೆ ಸಿಗರೇಟ್ ಲೈಟರಿನ ಫ್ಯೂಸ್ ನೋಡಿ, ಅನೇಕ ಗಾಡಿಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್. ಪರದೆ ಬೆಳಗಿದರೂ ಅಂಕಿ ಬರದಿದ್ದರೆ ಮೆನುವಿನಲ್ಲಿ ಪ್ರೋಟೋಕಾಲ್ ಬದಲಿಸಿ ನೋಡಿ.

ಮೆನುವಿನಲ್ಲಿ ಇಂಜಿನ್ನಿನ ಸಿಸಿ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ತುಂಬಿ. ಶಾಖ ಸೆಲ್ಸಿಯಸ್‌ನಲ್ಲಿದೆಯೇ ಖಚಿತ ಮಾಡಿಕೊಳ್ಳಿ. 190 ಎಂದು ಕಂಡರೆ ಗಾಬರಿ ಬೇಡ, ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 88 ಡಿಗ್ರಿ. ಬೀಪ್‌ನ ಮಿತಿಯನ್ನು ಸದ್ಯಕ್ಕೆ 105ಕ್ಕೆ ಇಡಿ.

ಟರ್ಬೋ ಗಾಡಿ ಇದ್ದವರಿಗೆ ಇಲ್ಲೊಂದು ಸೊಗಸಾದ ಪರೀಕ್ಷೆ ಇದೆ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಇದ್ದಾಗ, ಇನ್‌ಟೇಕ್ ಒತ್ತಡದ ಅಂಕಿ ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. ಕುಮಟಾದ ಸಮುದ್ರದ ಬದಿಯಲ್ಲಿ ಅದು 100, 101 ಕಿಲೋಪಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ 94ರ ಆಸುಪಾಸು. ಅಂಕಿ ಹೀಗೆ ಬದಲಾದರೆ ಸೆನ್ಸರ್ ಸರಿಯಿದೆ, ಗೇಜೂ ಸರಿಯಾಗಿ ಓದುತ್ತಿದೆ. ಘಟ್ಟದ ಮೇಲೆ ಗಾಳಿ ತೆಳು ಎಂಬ ಮಾತನ್ನು ಗಾಡಿಯೇ ಹೇಳುವುದನ್ನು ನೋಡುವುದು ನನಗಂತೂ ಖುಷಿಯ ಸಂಗತಿ.

ಹಂತ 5: ನಿಮ್ಮ ಗಾಡಿಯ ಸಹಜ ಅಂಕಿ ಬರೆದುಕೊಳ್ಳಿ

ಗೇಜು ಹಾಕಿದವರಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬೆಲೆಬಾಳುವುದೂ ಇದೇ. 98 ಡಿಗ್ರಿ ಎಂದರೆ ಒಳ್ಳೆಯದೋ ಕೆಟ್ಟದ್ದೋ? ಬರೀ ಅಂಕಿ ನೋಡಿ ಹೇಳಲಾಗದು. ಒಂದು ಗಾಡಿಗೆ ಅದು ದಿನನಿತ್ಯದ ಶಾಖ, ಇನ್ನೊಂದಕ್ಕೆ ತೊಂದರೆಯ ಮೊದಲ ಸುಳಿವು. ಗಾಡಿ ಚೆನ್ನಾಗಿರುವಾಗಲೇ ಅದರ ಅಂಕಿಗಳು ನಿಮಗೆ ಬಾಯಿಪಾಠ ಆಗಿರಬೇಕು.

ಮೊದಲು ಸಮತಟ್ಟು ರಸ್ತೆ. ಶಿರಸಿಯಿಂದ ಮಂಚಿಕೇರಿ ಮೇಲೆ ಯಲ್ಲಾಪುರಕ್ಕೋ, ಕಾನಸೂರು ಮೇಲೆ ಸಿದ್ದಾಪುರಕ್ಕೋ ಸಾಧಾರಣ ವೇಗದಲ್ಲಿ ಹೋಗಿಬನ್ನಿ. ಬೆಳಿಗ್ಗೆ ಇಪ್ಪತ್ತರ ಆಸುಪಾಸಿನಿಂದ ಶುರುವಾದ ಕೂಲಂಟ್ ಶಾಖ ಕೆಲವು ಕಿಲೋಮೀಟರಿನಲ್ಲಿ 80 ದಾಟಿ, ಬಹಳಷ್ಟು ಗಾಡಿಗಳಲ್ಲಿ 85ರಿಂದ 95ರ ನಡುವೆ ನಿಲ್ಲುತ್ತದೆ. ಎಷ್ಟು ಓಡಿಸಿದರೂ 70 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು. ನಿಂತಲ್ಲೇ ಇಂಜಿನ್ ಓಡಿಸಿ ಫ್ಯಾನ್ ಎಷ್ಟಕ್ಕೆ ಶುರುವಾಗುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ ಎಂದೂ ಗುರುತು ಹಾಕಿಕೊಳ್ಳಿ.

ಆಮೇಲೆ ಘಟ್ಟ. ಕುಮಟಾದಿಂದ ಬರುವಾಗ ಕತಗಾಲದಲ್ಲಿ ಎಷ್ಟಿತ್ತು, ದೇವಿಮನೆ ತಲುಪುವಾಗ ಎಷ್ಟಾಯಿತು? ಅಂಕೋಲಾ ದಾರಿಯವರು ರಾಮನಗುಳಿಯಲ್ಲೊಮ್ಮೆ, ಅರಬೈಲ್ ಹತ್ತಿ ಮುಗಿದ ಮೇಲೊಮ್ಮೆ ನೋಡಿ. ಒಬ್ಬರೇ ಇದ್ದಾಗ, ಮನೆಮಂದಿಯೆಲ್ಲ ಕೂತು ಎಸಿ ಹಾಕಿದಾಗ, ಹಿಂದೆ ಅಡಿಕೆ ಚೀಲ ಪೇರಿಸಿದಾಗ ಅಂಕಿ ಬೇರೆ ಬೇರೆ. ಓಡಿಸುವವರು ಬರೆಯಬಾರದು, ಪಕ್ಕದವರು ಬರೆಯಲಿ. ಮುಂದೆ ಎಂದೋ ಅದೇ ದಾರಿಯಲ್ಲಿ, ಅದೇ ಭಾರಕ್ಕೆ ಏಳೆಂಟು ಡಿಗ್ರಿ ಹೆಚ್ಚು ಕಂಡರೆ ಕೆಂಪು ದೀಪ ಬರುವ ಎಷ್ಟೋ ಮೊದಲೇ ನಿಮಗೆ ಸುದ್ದಿ ಸಿಕ್ಕಿತು. ರೇಡಿಯೇಟರಿಗೆ ಮಣ್ಣು ಮೆತ್ತಿರಬಹುದು, ಕೂಲಂಟ್ ಇಳಿದಿರಬಹುದು, ಫ್ಯಾನ್ ಸೋತಿರಬಹುದು. ಬೀಪ್‌ನ ಮಿತಿಯನ್ನು ಈಗ ನಿಮ್ಮ ಗಾಡಿಯ ಅತಿ ಹೆಚ್ಚಿನ ಸಹಜ ಅಂಕಿಗಿಂತ ನಾಲ್ಕೈದು ಡಿಗ್ರಿ ಮೇಲಕ್ಕೆ ಇಟ್ಟುಕೊಳ್ಳಿ.

ಹಂತ 6: ಅಂಕಿ ಏರುತ್ತಲೇ ಹೋದರೆ

ಹತ್ತುವಾಗ 100ರ ಹತ್ತಿರ ಹೋಗಿ, ಫ್ಯಾನ್ ತಿರುಗಿ, ಮತ್ತೆ ಇಳಿದರೆ ಚಿಂತೆಯಿಲ್ಲ. ಇಳಿಯದೆ 105 ದಾಟಿತೇ? ಎಸಿ ಆಫ್ ಮಾಡಿ, ಕಿಟಕಿ ತೆಗೆದು ಹೀಟರನ್ನು ಪೂರ್ತಿ ಹಾಕಿ. ಮೈ ಬೆವೆತರೂ ಇಂಜಿನ್ನಿನ ಶಾಖ ಸ್ವಲ್ಪ ಒಳಗೆ ಬಂದು ಅದಕ್ಕೆ ಆರಾಮ ಸಿಗುತ್ತದೆ. 110 ಮುಟ್ಟುವ ಮೊದಲು ತಿರುವು ಬಿಟ್ಟು, ಹಿಂದಿನಿಂದ ಬರುವ ಲಾರಿಗೆ ಕಾಣುವಂಥ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಫ್ಯಾನ್ ತಿರುಗುತ್ತಿದ್ದು ಅಂಕಿ ಇಳಿಯುತ್ತಿದ್ದರೆ ಇಂಜಿನ್ ಸಣ್ಣಗೆ ಓಡುತ್ತಿರಲಿ. ಹಬೆ ಬಂದರೆ, ಕೂಲಂಟ್ ಸೋರಿದರೆ, ಅಂಕಿ ಏರುತ್ತಲೇ ಇದ್ದರೆ ಆ ಕ್ಷಣವೇ ಆಫ್.

ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗಿನ ದ್ರವ ಒತ್ತಡದಲ್ಲಿದ್ದು ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಪಕ್ಕದ ಹಳ್ಳದಿಂದ ತಣ್ಣೀರು ತಂದು ಕಾದ ಇಂಜಿನ್ನಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಇದೆ. ಅದರಿಂದ ಇಂಜಿನ್ನಿನ ಹೆಡ್ ಬಿರುಕು ಬಿಟ್ಟೀತು. ಮುಚ್ಚಳ ಕೈಗೆ ತಣ್ಣಗೆ ಹತ್ತುವವರೆಗೆ ಕಾಯಿರಿ, ಒಂದು ಗಂಟೆಯಾದರೂ ಸರಿ. ಆಮೇಲೆ ಬಟ್ಟೆ ಹಿಡಿದು ನಿಧಾನ ತಿರುಗಿಸಿ, ಬೇರೆ ಗತಿಯಿಲ್ಲದಿದ್ದರೆ ನೀರು ಹಾಕಿ, ಊರು ಮುಟ್ಟಿದ ಮೇಲೆ ಕೂಲಂಟ್ ಬದಲಿಸಿ.

ಇಲ್ಲೊಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಪೈಪು ಒಡೆದು ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರಿನ ಸುತ್ತ ದ್ರವವೇ ಇರುವುದಿಲ್ಲ. ಆಗ ಇಂಜಿನ್ ಸುಡುತ್ತಿದ್ದರೂ ಗೇಜಿನ ಅಂಕಿ ಇಳಿಯಬಹುದು. ಏರುತ್ತಿದ್ದ ಶಾಖ ಕಾರಣವಿಲ್ಲದೆ ಸರ್ರನೆ ಇಳಿದರೆ ಅದು ಸಮಾಧಾನದ ಸುದ್ದಿಯಲ್ಲ, ನಿಲ್ಲಿಸಿ ನೋಡಿ.

ಹಂತ 7: ಇಳಿಯುವಾಗ ನೋಡಬೇಕಾದದ್ದು

ಡೀಸೆಲ್ ಉಳಿಯುತ್ತದೆ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ಬಹಳ ಮಂದಿ. ಗೇಜಿನಲ್ಲಿ ತತ್‌ಕ್ಷಣದ ಇಂಧನ ಖರ್ಚಿನ ಅಂಕಿ ಇದ್ದರೆ ಈ ನಂಬಿಕೆ ಅಲ್ಲೇ ಬಿದ್ದುಹೋಗುತ್ತದೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಈಗಿನ ಇಂಜಿನ್ನುಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತಾನೇ ಉರಿದು ಬದುಕಬೇಕು, ಅದಕ್ಕೆ ಇಂಧನ ಬೇಕೇ ಬೇಕು. ಕೆಲವು ಅಗ್ಗದ ಗೇಜುಗಳು ಈ ಖರ್ಚನ್ನು ಅಂದಾಜಿನಿಂದ ತೋರಿಸುತ್ತವೆ, ಅವುಗಳಲ್ಲಿ ಸೊನ್ನೆ ಕಾಣದೆಯೂ ಇರಬಹುದು. ಬ್ರೇಕಿನ ಶಾಖವಂತೂ ಯಾವ ಗೇಜಿನಲ್ಲೂ ಕಾಣುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಿರಿ, ಆರ್‌ಪಿಎಂ 2,000ದಿಂದ 3,000ದ ನಡುವೆ ಇದ್ದರೆ ಇಂಜಿನ್ನಿಗೆ ಏನೂ ಆಗುವುದಿಲ್ಲ, ಬ್ರೇಕ್ ಪ್ಯಾಡುಗಳು ಉಳಿಯುತ್ತವೆ.

ಹಂತ 8: ಬ್ಯಾಟರಿ ಮತ್ತು ಮಳೆಗಾಲ

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಇಂಜಿನ್ ಚಾಲೂ ಮಾಡುವ ಮೊದಲು 12.6 ವೋಲ್ಟ್ ಕಂಡರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7. ಬಿಎಸ್-6 ಗಾಡಿಗಳಲ್ಲಿ ಕೆಲವು ಬೇಕೆಂದೇ ಇದನ್ನು ಏರಿಳಿಸುತ್ತವೆ. ಆದರೆ ಓಡುವಾಗಲೂ 12ರ ಆಸುಪಾಸಿಗೇ ಅಂಟಿಕೊಂಡಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ, ರಾತ್ರಿ ಮಳೆಯಲ್ಲಿ ಹೆಡ್‌ಲೈಟು ವೈಪರು ಹಾಕಿಕೊಂಡು ದೂರ ಹೋಗಬೇಡಿ.

ಆರಿದ್ರಾ, ಪುನರ್ವಸು ಮಳೆ ಹಿಡಿದರೆ ತೋಟದ ಮನೆಗಳಲ್ಲಿ ಗಾಡಿ ವಾರಗಟ್ಟಲೆ ಅಲುಗುವುದಿಲ್ಲ. ಪೋರ್ಟಿಗೆ ಸದಾ ಕರೆಂಟ್ ಇರುವುದರಿಂದ ಗೇಜು ಪೂರ್ತಿ ನಿದ್ದೆ ಹೋಗದೆ 50 ಮಿಲಿಆಂಪ್ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ, ದಿನಕ್ಕೆ 1.2 ಆಂಪ್-ಗಂಟೆ ಹೋಯಿತು. 35 ಆಂಪ್-ಗಂಟೆಯ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಖಾಲಿ, ಆಮೇಲೆ ಸೆಲ್ಫ್ ಎತ್ತುವುದಿಲ್ಲ. ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಪ್ಲಗ್ ಕಿತ್ತಿಡಿ. ಸರ್ವಿಸಿಗೆ ಬಿಡುವಾಗಲೂ ಕಿತ್ತೇ ಬಿಡಿ, ಅವರ ಸ್ಕ್ಯಾನರಿಗೂ ಅದೇ ಜಾಗ ಬೇಕು.

ಹಂತ 9: ಕೋಡ್ ಬಂದರೆ

ಇಂಜಿನ್ ದೀಪ ಹೊತ್ತಿದಾಗ ಗೇಜಿನ ಮೆನುವಿನಲ್ಲಿ ಪಿ ಅಕ್ಷರ ಮತ್ತು ನಾಲ್ಕು ಅಂಕಿಯ ಕೋಡ್ ಸಿಗುತ್ತದೆ. ಪಿ0217 ಎಂದರೆ ಇಂಜಿನ್ ಅತಿಯಾಗಿ ಕಾದಿದೆ, ಪಿ0128 ಎಂದರೆ ಬೇಕಾದಷ್ಟು ಕಾಯುತ್ತಿಲ್ಲ, ಪಿ0299 ಎಂದರೆ ಟರ್ಬೋ ಒತ್ತಡ ಸಾಲುತ್ತಿಲ್ಲ. ಅಡಿಕೆ ದಾಸ್ತಾನಿನ ಪಕ್ಕ ಗಾಡಿ ನಿಲ್ಲಿಸುವವರು ಪಿ0118ನ್ನು ನೆನಪಿಟ್ಟುಕೊಳ್ಳಬೇಕು. ಇಲಿ ಕೂಲಂಟ್ ಸೆನ್ಸರಿನ ವೈರು ಕಡಿದರೆ ಈ ಕೋಡ್ ಬರುತ್ತದೆ, ಎಷ್ಟೋ ಗಾಡಿಗಳಲ್ಲಿ ಶಾಖ ಮೈನಸ್ 40 ಎಂದು ಕಾಣುತ್ತದೆ. ನಮ್ಮ ಊರಿನಲ್ಲಿ ಅಂಥ ಚಳಿ ಇಲ್ಲವಲ್ಲ, ಬಾನೆಟ್ ಎತ್ತಿ ವೈರು ನೋಡಿ.

ಕೋಡನ್ನು ಗೇಜಿನಲ್ಲೇ ಅಳಿಸುವ ಬಟನ್ ಇರುತ್ತದೆ. ಒತ್ತಬೇಡಿ. ಅಳಿಸಿದರೆ ಆ ಗಳಿಗೆಯ ಶಾಖ, ವೇಗ, ಆರ್‌ಪಿಎಂ ದಾಖಲೆಯೂ ಅದರ ಜೊತೆ ಹೋಗುತ್ತದೆ, ಮೆಕ್ಯಾನಿಕ್ಕಿಗೆ ಬೇಕಾದದ್ದು ಅದೇ. “ಘಟ್ಟದಲ್ಲಿ ಯಾಕೋ ಬಿಸಿ ಆಗ್ತದೆ ಮಾರಾಯಾ” ಎಂದರೆ ಅವನು ಊಹೆಯಲ್ಲೇ ಒಂದೊಂದು ಭಾಗ ಬದಲಿಸುತ್ತಾ ಹೋಗಬೇಕು. “ದೇವಿಮನೆ ಹತ್ತುವಾಗ ಮೊದಲು 97 ಇರ್ತಿತ್ತು, ಈಗ 106ಕ್ಕೆ ಹೋಗ್ತದೆ, ಫ್ಯಾನ್ ತಿರುಗ್ತದೆ, ಕೋಡ್ ಬಂದಿಲ್ಲ” ಎಂದು ಬರೆದ ಚೀಟಿ ಕೊಟ್ಟರೆ ಅವನು ನೇರ ರೇಡಿಯೇಟರಿಗೆ, ಕೂಲಂಟಿಗೆ, ವಾಟರ್ ಪಂಪಿಗೆ ಕೈ ಹಾಕುತ್ತಾನೆ.