ನಿಸ್ತಂತು ಕ್ಯಾಮೆರಾಗಳ ಸಂಪರ್ಕ ಕಡಿತ: ಕಾರಣಗಳು ಮತ್ತು ಪರಿಹಾರೋಪಾಯಗಳು

ಕೆಳಗೆ ಅಂಗಡಿ, ಮೇಲೆ ವಾಸದ ಮನೆ, ಹಿಂಬದಿಯಲ್ಲಿ ದಾಸ್ತಾನು ಮಳಿಗೆ. ನಮ್ಮ ಊರುಗಳ ಬಹುಪಾಲು ವರ್ತಕರ ಕಟ್ಟಡಗಳು ಇರುವುದು ಹೀಗೆಯೇ. ಗೋಡೆ ಕೊರೆಯುವ, ಉದ್ದನೆಯ ತಂತಿ ಎಳೆಯುವ ತೊಂದರೆಯಿಲ್ಲವೆಂಬ ಕಾರಣದಿಂದ ಇಂತಹ ಕಟ್ಟಡಗಳಲ್ಲಿ ವೈಫೈ ಕ್ಯಾಮೆರಾಗಳನ್ನು ಅಳವಡಿಸಿಕೊಳ್ಳುವುದು ವಾಡಿಕೆಯಾಗಿದೆ. ಮೊದಲ ಕೆಲವು ವಾರ ಎಲ್ಲವೂ ಸುಗಮವಾಗಿ ನಡೆಯುತ್ತದೆ. ತರುವಾಯ ಮೊಬೈಲ್ ಪರದೆಯ ಮೇಲೆ ಆಗಾಗ್ಗೆ 'ಆಫ್‌ಲೈನ್' ಎಂಬ ಪದ ಕಾಣಿಸತೊಡಗುತ್ತದೆ. ಅದನ್ನು ಸಣ್ಣ ಕಿರಿಕಿರಿಯೆಂದು ಬಗೆದು ಸುಮ್ಮನಾಗುವವರೇ ಅಧಿಕ. ಆದರೆ ಸರಕು ಕಾಣೆಯಾದ ರಾತ್ರಿಯ ಎರಡು ಗಂಟೆಗಳ ದೃಶ್ಯವೇ ಇಲ್ಲವೆಂದಾದಾಗ ಕ್ಯಾಮೆರಾಗಳಿಗೆ ವೆಚ್ಚ ಮಾಡಿದ ಹಣವೆಲ್ಲ ವ್ಯರ್ಥವಾಗುತ್ತದೆ.

ಇಂತಹ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಇಂಟರ್‌ನೆಟ್ ಯೋಜನೆಯನ್ನು ಹೆಚ್ಚಿನ ವೇಗದ್ದಕ್ಕೆ ಬದಲಾಯಿಸಿಕೊಳ್ಳುವುದು. ಇದರಿಂದ ಸೇವಾದಾತರಿಗೆ ಲಾಭವೇ ಹೊರತು ಕ್ಯಾಮೆರಾಕ್ಕೆ ಪ್ರಯೋಜನವಾಗುವುದು ಅಪರೂಪ. ಕ್ಯಾಮೆರಾದಿಂದ ರೌಟರ್‌ವರೆಗಿನ ಗಾಳಿಯ ದಾರಿ ಒಂದು, ರೌಟರ್‌ನಿಂದ ಹೊರಗಿನ ಇಂಟರ್‌ನೆಟ್ ದಾರಿ ಇನ್ನೊಂದು. ದೋಷ ಯಾವ ದಾರಿಯಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಎಲ್ಲ ಕ್ಯಾಮೆರಾಗಳೂ ಒಮ್ಮೆಗೇ ನಿಂತುಹೋದರೆ ರೌಟರ್ ಅಥವಾ ಇಂಟರ್‌ನೆಟ್ ಸಂಪರ್ಕವನ್ನು ಸಂಶಯಿಸಬೇಕು. ಒಂದೇ ಕ್ಯಾಮೆರಾ ಪದೇ ಪದೇ ನಿಲ್ಲುತ್ತಿದ್ದು ಉಳಿದವು ಸರಿಯಾಗಿದ್ದರೆ ಆ ಕ್ಯಾಮೆರಾ ಇರುವ ಜಾಗವನ್ನೂ ಅದಕ್ಕೆ ಬರುವ ವಿದ್ಯುತ್ತನ್ನೂ ಪರೀಕ್ಷಿಸಬೇಕು. ನಿಂತುಹೋದ ದಿನ ಮತ್ತು ಸಮಯವನ್ನು ಒಂದು ವಾರ ಕಾಲ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ದಿನವಹಿ ಲೆಕ್ಕ ಬರೆಯುವ ನಮ್ಮವರಿಗೆ ಇದೇನೂ ಹೊಸ ಕೆಲಸವಲ್ಲ.

ರಾತ್ರಿ ಮಾತ್ರ ನಿಲ್ಲುವ ಕ್ಯಾಮೆರಾ

ಬರೆದಿಟ್ಟ ಸಮಯಗಳೆಲ್ಲ ರಾತ್ರಿಯವೇ ಆಗಿದ್ದರೆ ಎರಡು ಕಾರಣಗಳಿರಬಹುದು. ಕತ್ತಲಾದೊಡನೆ ಕ್ಯಾಮೆರಾದಲ್ಲಿನ ಅವಗೆಂಪು ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಆಗ ಅದು ಎಳೆದುಕೊಳ್ಳುವ ವಿದ್ಯುತ್ ಪ್ರವಾಹ ಹೆಚ್ಚುತ್ತದೆ. ಜೊತೆಯಲ್ಲಿ ಬಂದ ಚಿಕ್ಕ ತಂತಿ ಸಾಲದೆಂದು ಪೇಟೆಯಲ್ಲಿ ಸಿಗುವ 5 ಮೀಟರ್ ಉದ್ದದ ತೆಳು ಯುಎಸ್‌ಬಿ ತಂತಿಯನ್ನು ಜೋಡಿಸಿದ್ದರೆ ತೊಂದರೆ ಅಲ್ಲಿಯೇ ಇರುತ್ತದೆ. 28 ಗೇಜಿನ ತಾಮ್ರದ ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 0.2 ಓಮ್. ಪ್ರವಾಹ ಹೋಗಿ ಬರುವ ದಾರಿ 10 ಮೀಟರ್ ಆದ್ದರಿಂದ ಒಟ್ಟು 2 ಓಮ್. ಅರ್ಧ ಆಂಪಿಯರ್ ಎಳೆದರೂ ದಾರಿಯಲ್ಲಿಯೇ 1 ವೋಲ್ಟ್ ನಷ್ಟವಾಗುತ್ತದೆ. 5 ವೋಲ್ಟ್ ಬೇಡುವ ಕ್ಯಾಮೆರಾಕ್ಕೆ 4 ವೋಲ್ಟ್ ತಲುಪಿದರೆ ಅದು ನಿಂತು, ಪುನಃ ಆರಂಭವಾಗಿ, ಮತ್ತೆ ನಿಲ್ಲುತ್ತದೆ. ಮೊಬೈಲ್‌ನಲ್ಲಿ ನೋಡುವವರಿಗೆ ಇದು ವೈಫೈ ದೋಷದಂತೆಯೇ ತೋರುತ್ತದೆ. ಪ್ಲಗ್ ಪಾಯಿಂಟನ್ನೇ ಕ್ಯಾಮೆರಾದ ಬಳಿಗೆ ಒಯ್ದು, ತಯಾರಕರು ಕೊಟ್ಟ ಅಡಾಪ್ಟರ್ ಮತ್ತು ತಂತಿಯನ್ನೇ ಬಳಸುವುದು ಇದಕ್ಕಿರುವ ನೇರ ಪರಿಹಾರ. ಇದಕ್ಕೆ ಬೇಕಾಗುವುದು ಎಲೆಕ್ಟ್ರಿಷಿಯನ್‌ನ ಅರ್ಧ ದಿನದ ಕೂಲಿ ಮಾತ್ರ.

ಎರಡನೆಯ ಕಾರಣ ಅಂಗಡಿಯ ರೋಲಿಂಗ್ ಶಟರ್. ಕ್ಯಾಮೆರಾ ಹೊರಗಿದ್ದು ರೌಟರ್ ಒಳಗಿದ್ದರೆ ಹಗಲೆಲ್ಲ ತೆರೆದ ಬಾಗಿಲಿನ ಮೂಲಕ ಸಿಗ್ನಲ್ ಸಲೀಸಾಗಿ ಹೋಗುತ್ತಿರುತ್ತದೆ. ರಾತ್ರಿ ಶಟರ್ ಎಳೆದೊಡನೆ ನಡುವೆ ಉಕ್ಕಿನ ಗೋಡೆಯೇ ಎದ್ದಂತಾಗುತ್ತದೆ. ಕ್ಯಾಮೆರಾ ಅಳವಡಿಸಲು ಬಂದವರು ಹಗಲು ಹೊತ್ತಿನಲ್ಲಿ, ಶಟರ್ ತೆರೆದಿರುವಾಗ ಪರೀಕ್ಷಿಸಿ 'ಸರಿಯಿದೆ' ಎಂದು ಹೇಳಿ ಹೋಗಿರುತ್ತಾರೆ. ಇವೆರಡು ಕಾರಣಗಳನ್ನು ಬೇರ್ಪಡಿಸುವುದು ಸುಲಭ. ಮಧ್ಯಾಹ್ನ ಬಿಡುವಿನ ವೇಳೆಯಲ್ಲಿ ಅರ್ಧ ಗಂಟೆ ಶಟರ್ ಎಳೆದು ನೋಡಿ. ಕ್ಯಾಮೆರಾ ನಿಂತರೆ ಶಟರಿನ ತಪ್ಪು. ನಿಲ್ಲದಿದ್ದರೆ, ಹಗಲಿನಲ್ಲಿಯೇ ಕ್ಯಾಮೆರಾದ ರಾತ್ರಿ ದೃಷ್ಟಿಯನ್ನು ಅದರ ಆ್ಯಪ್‌ನಿಂದ ಚಾಲೂ ಮಾಡಿ ನೋಡಿ. ಆಗ ನಿಂತರೆ ವಿದ್ಯುತ್ತಿನ ತಪ್ಪು.

ಸಿಗ್ನಲ್ ಅಳೆಯುವ ಕ್ರಮ

ಮೊಬೈಲಿನಲ್ಲಿ ಕಾಣುವ ವೈಫೈ ಗೆರೆಗಳನ್ನು ನಂಬಿ ಜಾಗ ನಿರ್ಧರಿಸುವುದು ಸರಿಯಲ್ಲ. ಸಿಗ್ನಲ್‌ನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಅನೇಕ ಕ್ಯಾಮೆರಾಗಳ ಆ್ಯಪ್‌ಗಳು ಈ ಅಂಕಿಯನ್ನು ತೋರಿಸುತ್ತವೆ. ಇಲ್ಲವಾದರೆ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು, ಏಣಿ ಹತ್ತಿ, ಕ್ಯಾಮೆರಾದ ಪಕ್ಕದಲ್ಲಿಯೇ ಹಿಡಿದು ನೋಡಬೇಕು. ಕೆಳಗೆ ನಿಂತು ನೋಡಿದರೆ ಬೇರೆಯೇ ಅಂಕಿ ಬರುತ್ತದೆ. ಮೈನಸ್ 60ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮೈನಸ್ 70ಕ್ಕೆ ಇಳಿದರೆ ದೃಶ್ಯ ತಡವರಿಸತೊಡಗುತ್ತದೆ. ಮೈನಸ್ 80 ಎಂದರೆ ಸಂಪರ್ಕ ಇದ್ದೂ ಇಲ್ಲದಂತೆ. ಈ ಮಾನದಲ್ಲಿ 10 ಅಂಕ ಇಳಿಯಿತೆಂದರೆ ಬಲವು ಹತ್ತನೆಯ ಒಂದು ಪಾಲಿಗೆ ಇಳಿಯಿತೆಂದೇ ಅರ್ಥ. ಆದಕಾರಣ 60 ಮತ್ತು 70ರ ನಡುವಿನ ಅಂತರ ಸಣ್ಣದಲ್ಲ.

ಲೋಹವು ಸಿಗ್ನಲನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಅದನ್ನು ಹೀರುತ್ತದೆ. ತಗಡಿನ ಛಾವಣಿ, ಉಕ್ಕಿನ ಬೀರು, ನೀರಿನ ಟ್ಯಾಂಕು, ದೊಡ್ಡ ಕನ್ನಡಿ ಇವೆಲ್ಲ ಅಡ್ಡಿಗಳೇ. ದಾಸ್ತಾನು ಮಳಿಗೆಯಲ್ಲಿ ಇದಕ್ಕೊಂದು ವಿಶೇಷ ರೂಪವಿದೆ. ಬೇಸಿಗೆಯಲ್ಲಿ ಮಳಿಗೆ ಬರಿದಾಗಿರುವಾಗ ಕ್ಯಾಮೆರಾ ಕೂರಿಸಿ, ಸುಗ್ಗಿಯ ನಂತರ ಭತ್ತದ ಚೀಲಗಳನ್ನು ಛಾವಣಿಯವರೆಗೆ ಅಟ್ಟಿ ಹಾಕಿದರೆ, ಕಾಳಿನಲ್ಲಿರುವ ತೇವಾಂಶವೇ ಸಿಗ್ನಲನ್ನು ನುಂಗುತ್ತದೆ. ಸರಕು ತುಂಬಿದಾಗಲೇ ಕಾವಲು ಬೇಕಾಗುವುದು. ಆಗಲೇ ಕ್ಯಾಮೆರಾ ಕುರುಡಾಗುವುದು. ಆದ್ದರಿಂದ ಮಳಿಗೆ ತುಂಬಿದ ಮೇಲೆ ಮತ್ತೊಮ್ಮೆ ಅಳೆಯುವುದು ಅವಶ್ಯ.

ಇನ್ನು ರೌಟರ್ ಇಡುವ ಜಾಗ. ಗಲ್ಲಾಪೆಟ್ಟಿಗೆಯ ಕೆಳಗೆ, ದೇವರ ಪಟದ ಹಿಂದೆ, ಬೀರುವಿನ ಒಳಗೆ ಅಡಗಿಸಿಟ್ಟ ರೌಟರ್‌ಗಳು ಬೇಕಾದಷ್ಟಿವೆ. ಅದನ್ನು ಹೊರತೆಗೆದು ಆಳೆತ್ತರಕ್ಕಿಂತ ಮೇಲೆ, ಕಟ್ಟಡದ ನಡುಭಾಗದಲ್ಲಿ ತೂಗುಹಾಕಿದರೆ ಅನೇಕ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಹಾಗೂ ಸಾಲದಿದ್ದರೆ ಸಿಗ್ನಲ್ ಮುಂದಕ್ಕೆ ಕಳುಹಿಸುವ ರಿಪೀಟರ್ ಹಾಕಬಹುದು. ಆದರೆ ಅದನ್ನು ಸಿಗ್ನಲ್ ಸತ್ತ ಮೂಲೆಯಲ್ಲಿ ಇಡಬಾರದು, ಸಿಗ್ನಲ್ ಇನ್ನೂ ಚೆನ್ನಾಗಿರುವ ಮಧ್ಯದ ಜಾಗದಲ್ಲಿ ಇಡಬೇಕು. ತನಗೇ ಸರಿಯಾಗಿ ಕೇಳಿಸದ ಮಾತನ್ನು ಅದು ಮುಂದಕ್ಕೆ ಹೇಳಲಾರದು.

ಪೇಟೆ ಬೀದಿಯ ಗದ್ದಲ

ಕಡಿಮೆ ಬೆಲೆಯ ಬಹುತೇಕ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಭಾರತದಲ್ಲಿ 2005ರ ನಿಯಮಗಳನ್ವಯ ಈ ಪಟ್ಟಿಯ ಬಳಕೆಗೆ ಪರವಾನಗಿ ಬೇಕಾಗಿಲ್ಲ. ಆದ್ದರಿಂದಲೇ ಅಕ್ಕಪಕ್ಕದ ಅಂಗಡಿಗಳ ರೌಟರ್‌ಗಳು, ಬ್ಲೂಟೂತ್ ಸಾಧನಗಳು, ಬೇಕರಿಯ ಮೈಕ್ರೋವೇವ್ ಒಲೆ ಎಲ್ಲವೂ ಇಲ್ಲಿಯೇ ನೆರೆದಿರುತ್ತವೆ. ಇದರಲ್ಲಿ 13 ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದವು 1, 6 ಮತ್ತು 11 ಎಂಬ ಮೂರೇ. ಎಲ್ಲರೂ 1 ಮತ್ತು 6ರಲ್ಲಿದ್ದಾರೆಂದು ನಡುವಿನ 3ನ್ನು ಆರಿಸಿಕೊಂಡರೆ ಎರಡೂ ಕಡೆಯ ಗದ್ದಲ ಮೈಮೇಲೆ ಬೀಳುತ್ತದೆ. ಅಳೆಯುವ ಆ್ಯಪ್‌ನಲ್ಲಿ ನೋಡಿ, ಈ ಮೂರರಲ್ಲಿ ಕಡಿಮೆ ಜನಸಂದಣಿಯಿರುವುದನ್ನು ರೌಟರ್‌ನಲ್ಲಿ ಸ್ಥಿರಪಡಿಸಬೇಕು. 'ಆಟೋ' ಎಂದು ಬಿಟ್ಟರೆ ರೌಟರ್ ಚಾನೆಲ್ ಬದಲಾಯಿಸಿದಾಗಲೆಲ್ಲ ಕ್ಯಾಮೆರಾ ದಾರಿ ತಪ್ಪುವ ಸಂಭವವಿದೆ. ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಬೇಕು.

ಹೊಸ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರಿಟ್ಟಿರುತ್ತವೆ. ಕ್ಯಾಮೆರಾಗಳಿಗಾಗಿ 2.4ಕ್ಕೆ ಬೇರೆ ಹೆಸರು ಕೊಡುವುದು ಒಳಿತು. ಭದ್ರತಾ ವಿಧಾನವನ್ನು ಡಬ್ಲ್ಯುಪಿಎ3 ಒಂದಕ್ಕೇ ಸೀಮಿತಗೊಳಿಸಿದ್ದರೆ ಹಳೆಯ ಕ್ಯಾಮೆರಾ ಸೇರಿಕೊಳ್ಳುವುದಿಲ್ಲ. ಡಬ್ಲ್ಯುಪಿಎ2 ಸಹ ಇರುವ ಆಯ್ಕೆಯನ್ನು ಬಳಸಬೇಕು. ಗುಪ್ತಪದವನ್ನೇ ತೆಗೆದುಹಾಕುವ 'ಪರಿಹಾರ'ವನ್ನು ಮಾತ್ರ ಯಾರೂ ಒಪ್ಪಿಕೊಳ್ಳಬಾರದು.

ವೇಗದ ಪ್ರಶ್ನೆ ಬರುವುದು ಕೊನೆಯಲ್ಲಿ. ಪೂರ್ಣ ಎಚ್‌ಡಿ ದೃಶ್ಯವನ್ನು ಎಚ್.264 ವಿಧಾನದಲ್ಲಿ ಕಳುಹಿಸಲು ಸಾಮಾನ್ಯವಾಗಿ ಸುಮಾರು 2 ಎಂಬಿಪಿಎಸ್ ಬೇಕು. ನಾಲ್ಕು ಕ್ಯಾಮೆರಾಗಳು ಎಡೆಬಿಡದೆ ಹೊರಗಿನ ಕ್ಲೌಡ್‌ಗೆ ಕಳುಹಿಸುವುದಾದರೆ 8 ಎಂಬಿಪಿಎಸ್ ಅಪ್‌ಲೋಡ್ ವೇಗ ಅಗತ್ಯ. ಜಾಹೀರಾತಿನಲ್ಲಿರುವುದು ಡೌನ್‌ಲೋಡ್ ವೇಗವಾಗಿರಬಹುದು, ವಿಚಾರಿಸಿಕೊಳ್ಳಿ. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಮುದ್ರಣವಾಗುವಂತೆ ಮಾಡಿಕೊಂಡರೆ ಈ ಹೊರೆ ತಗ್ಗುತ್ತದೆ. ವೈಫೈ ಕಡಿದರೂ ಮುದ್ರಣ ನಿಲ್ಲುವುದಿಲ್ಲ. ವಿದ್ಯುತ್ ಹೋಗಿ ಬರುವಾಗ ರೌಟರ್ ಮತ್ತೆ ಚಾಲೂ ಆಗಲು ಕೆಲವು ನಿಮಿಷ ಹಿಡಿಯುತ್ತದೆ. ರೌಟರ್‌ಗೆಂದೇ ದೊರೆಯುವ ಸಣ್ಣ ಯುಪಿಎಸ್ ಈ ತೊಡಕನ್ನು ನಿವಾರಿಸುತ್ತದೆ.

ತಂತಿಯೇ ಬೇಕಾಗುವ ಕಡೆ

ನಮ್ಮ ಅಭಿಪ್ರಾಯದಲ್ಲಿ ಗಲ್ಲಾ, ಮುಖ್ಯ ದ್ವಾರ ಮತ್ತು ದಾಸ್ತಾನು ಮಳಿಗೆಯ ಬಾಗಿಲು ಈ ಮೂರು ಕಡೆ ನಿಸ್ತಂತು ಕ್ಯಾಮೆರಾವನ್ನು ಅವಲಂಬಿಸುವುದು ತರವಲ್ಲ. ಒಂದೇ ಈಥರ್ನೆಟ್ ತಂತಿಯಲ್ಲಿ ದೃಶ್ಯವನ್ನೂ ವಿದ್ಯುತ್ತನ್ನೂ ಸಾಗಿಸುವ 'ಪಿಓಇ' ವಿಧಾನಕ್ಕೆ 2003ರಿಂದಲೂ ಮಾನಕವಿದೆ. 100 ಮೀಟರ್ ದೂರದವರೆಗೆ ಅದು ಕೆಲಸ ಮಾಡುತ್ತದೆ. ತಂತಿ ಕೊಳ್ಳುವಾಗ ಶುದ್ಧ ತಾಮ್ರದ್ದನ್ನೇ ಕೇಳಿ ಪಡೆಯಬೇಕು. ಅಲ್ಯೂಮಿನಿಯಮಿನ ಮೇಲೆ ತಾಮ್ರದ ಲೇಪವಿರುವ ತಂತಿ ಅಗ್ಗವಾಗಿ ದೊರೆಯುತ್ತದೆಯಾದರೂ ಅದರ ಪ್ರತಿರೋಧ ಹೆಚ್ಚು. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಲೋಹ ಕಾಣುತ್ತದೆ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಹೆಚ್ಚು ಜನ ಸೇರುವ ವಾಣಿಜ್ಯ ಸ್ಥಳಗಳಿಗೆ ಅನ್ವಯಿಸುವ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯು 30 ದಿನಗಳ ದೃಶ್ಯಗಳನ್ನು ಕಾಯ್ದಿಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಸಂಪರ್ಕ ಕಡಿದ ಕ್ಯಾಮೆರಾದಲ್ಲಿ ವಿದ್ಯುತ್ತೂ ಹೋಗಿ ಬಂದರೆ ಗಡಿಯಾರ ತಪ್ಪುವುದುಂಟು. ಕಳುವಾದ ರಾತ್ರಿಯ ದೃಶ್ಯದ ಮೇಲೆ ಬೇರಾವುದೋ ದಿನಾಂಕವಿದ್ದರೆ ಎದುರು ಪಕ್ಷದ ವಕೀಲರಿಗೆ ಅಷ್ಟೇ ಸಾಕು. ಆದುದರಿಂದ ತಿಂಗಳಿಗೊಮ್ಮೆ, ಅಂಗಡಿಯ ಲೆಕ್ಕ ಮುಗಿಸುವ ದಿನ, ಹಿಂದಿನ ವಾರದ ಯಾವುದಾದರೂ ಒಂದು ರಾತ್ರಿ 2 ಗಂಟೆಯ ದೃಶ್ಯವನ್ನು ತೆರೆದು, ಪರದೆಯ ಮೂಲೆಯಲ್ಲಿರುವ ದಿನಾಂಕ ಮತ್ತು ಸಮಯವನ್ನು ಓದಿ ನೋಡತಕ್ಕದ್ದು.